ತೋಟದ ಮೇನೇಜರ್‌ಗೆ ಬೋನಸ್: ಚೀಲದ ಮೇಲೋ, ಲಾಭದ ಮೇಲೋ?

ಆಲ್ದೂರು_ತೋಟ

ಎಲ್ಲರಿಗೂ ನಮಸ್ಕಾರ. ಆಲ್ದೂರು ಕಡೆಯ 110 ಎಕರೆ ಕಾಫಿ ತೋಟ. 70 ಎಕರೆ ರೋಬಸ್ಟಾ, 40 ಎಕರೆ ಅರೇಬಿಕಾ, ನೆರಳಿಗೆ ನೆಟ್ಟ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದೆ. ಮಾಲೀಕರು ಮೂವರು ಅಣ್ಣತಮ್ಮಂದಿರು, ಇಬ್ಬರು ಬೆಂಗಳೂರಿನಲ್ಲಿರುವವರು. ಹೊಸ ಮೇನೇಜರ್ ನೇಮಕ ಆಗಬೇಕಿದೆ. ಸಂಬಳದ ಮೇಲೆ ಬೋನಸ್ ಕೊಡಬೇಕು ಅನ್ನುವುದರಲ್ಲಿ ಮೂವರಿಗೂ ಒಪ್ಪಿಗೆ. ಒಬ್ಬರು ಚೀಲಕ್ಕೆ ಇಷ್ಟು ಅಂತ ಕೊಡೋಣ ಅನ್ನುತ್ತಾರೆ, ಇನ್ನೊಬ್ಬರು ನಿವ್ವಳ ಲಾಭದಲ್ಲಿ 5 ಶೇಕಡ ಅನ್ನುತ್ತಾರೆ, ಮೂರನೆಯವರು ಅಂದಾಜು ಬೆಳೆಗಿಂತ ಹೆಚ್ಚು ತೆಗೆದರೆ ಮಾತ್ರ ಕೊಡೋಣ ಅನ್ನುತ್ತಾರೆ. ಮೂರರಲ್ಲಿ ಯಾವುದು ಸರಿ? ಮತ್ತೆ, ಎಂಥ ಸ್ವಭಾವದವರನ್ನು ನೋಡಿ ತಗೋಬೇಕು? ಒಪ್ಪಂದ ಬರೆದ ಮೇಲೆ ಬದಲಾಯಿಸೋದು ಕಷ್ಟ, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ಲೆಕ್ಕಪತ್ರ_ಹಾಸನ

ಲಾಭದ ಮೇಲಿನ 5 ಶೇಕಡದಿಂದ ಶುರು ಮಾಡುತ್ತೇನೆ. ಕೇಳೋಕೆ ಅತ್ಯಂತ ನ್ಯಾಯವಾಗಿ ಕಾಣುವುದು ಅದೇ, ಹೆಚ್ಚು ಹಾನಿ ಮಾಡುವುದೂ ಅದೇ.

ಲೆಕ್ಕಕ್ಕೆ ಸುಲಭವಾಗಲೆಂದು ಹೀಗಿಟ್ಟುಕೊಳ್ಳಿ. 50 ಕೆ.ಜಿ.ಯ 900 ಚೀಲ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು), ಚೀಲಕ್ಕೆ ಖರ್ಚು 3,500 ರೂಪಾಯಿ, ಮಾರಾಟ ಬೆಲೆ 5,000. ಲಾಭ 13.5 ಲಕ್ಷ, ಅದರಲ್ಲಿ 5 ಶೇಕಡ ಅಂದರೆ 67,500. ಮರುವರ್ಷ ಬೆಲೆ 10,000 ಆಯಿತು, ಬೆಳೆ, ಖರ್ಚು ಎರಡೂ ಹಾಗೇ ಇವೆ. ಲಾಭ 58.5 ಲಕ್ಷ, ಬೋನಸ್ 2,92,500. ಮೇನೇಜರ್ ಮಾಡಿದ ಕೆಲಸದಲ್ಲಿ ಒಂದು ಕಡ್ಡಿಯಷ್ಟೂ ವ್ಯತ್ಯಾಸವಿಲ್ಲ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದ್ದು ಬ್ರೆಜಿಲ್ಲಿನ ಬರದಿಂದ. ಅದಕ್ಕೆ ಆಲ್ದೂರಿನ ಮೇನೇಜರ್‌ಗೆ ಬಹುಮಾನ ಯಾಕೆ? ಹಾಗೇ ಬೆಲೆ ಬಿದ್ದ ವರ್ಷ ಅವರು ಎಷ್ಟು ಚೆನ್ನಾಗಿ ತೋಟ ನೋಡಿಕೊಂಡರೂ ಕೈಗೆ ಏನೂ ಬರುವುದಿಲ್ಲ. ಒಳ್ಳೆಯವರು ಬಿಟ್ಟು ಹೋಗುವುದು ಆ ವರ್ಷವೇ.

ಎರಡನೆಯದು, ಲಾಭ ಅನ್ನುವ ಸಂಖ್ಯೆಯನ್ನು ಮೇನೇಜರ್ ತಮ್ಮ ಕೈಯಲ್ಲೇ ಮೇಲೆ ಕೆಳಗೆ ಮಾಡಬಹುದು. ತೋಟದ ಪುಸ್ತಕಗಳಲ್ಲಿ ಪದೇ ಪದೇ ಕಾಣುವ ದಾರಿಗಳು ಇವು:

ಆಳುಗಳಿಗೆ, ಆಳು ತರುವ ಕಂಟ್ರಾಕ್ಟರ್‌ಗೆ ಕೊಟ್ಟ ಮುಂಗಡ. ಅದು ಖರ್ಚಿನ ಕಡೆ ಹೋಗದೆ ಬರಬೇಕಾದ ಬಾಕಿ ಅಂತ ಆಸ್ತಿ ಕಡೆ ಕೂತಿರುತ್ತದೆ. ಕಂಟ್ರಾಕ್ಟರ್ ಹೋಗಿ ಎರಡು ವರ್ಷ ಆದರೂ ಬಾಕಿ ಪುಸ್ತಕದಲ್ಲಿ ಜೀವಂತ. ಒಂದು ಕೊಯ್ಲು ಮುಗಿಯುವುದರೊಳಗೆ ವಸೂಲಾಗದ ಮುಂಗಡವನ್ನು ಖರ್ಚು ಅಂತಲೇ ಹಿಡಿಯಬೇಕು ಎಂದು ಒಪ್ಪಂದದಲ್ಲೇ ಬರೆಯಿರಿ.

ಮರದ ಮಾರಾಟ. ಸಿಲ್ವರ್ ಕಡಿದು ಮಾರಿದ ದುಡ್ಡು ಆ ವರ್ಷದ ಆದಾಯಕ್ಕೆ ಸೇರಿದರೆ ಮೇನೇಜರ್‌ಗೂ ಅದರಲ್ಲಿ 5 ಶೇಕಡ. ನೆರಳು ಹೋಯಿತು, ಬಳ್ಳಿಗೆ ಆಸರೆ ಹೋಯಿತು, ಲೆಕ್ಕದಲ್ಲಿ ಮಾತ್ರ ಲಾಭ. ಪಬ್ಲಿಕ್ ಕಂಪನಿಗಳಿಗೆ ಇದೇ ಕಾರಣಕ್ಕೆ ಕಾನೂನೇ ಬೇಲಿ ಹಾಕಿದೆ. 2013ರ ಕಂಪನಿ ಕಾಯ್ದೆಯ 197ನೇ ಕಲಮಿನಲ್ಲಿ ನಿರ್ದೇಶಕರು, ಮೇನೇಜರ್ ಎಲ್ಲ ಸೇರಿ ನಿವ್ವಳ ಲಾಭದ 11 ಶೇಕಡ, ಒಬ್ಬ ವ್ಯವಸ್ಥಾಪಕ ನಿರ್ದೇಶಕರಿಗೆ 5 ಶೇಕಡ ಎಂಬ ಸಾಮಾನ್ಯ ಮಿತಿ ಇದೆ. ಆ ನಿವ್ವಳ ಲಾಭ ಹೇಗೆ ಎಣಿಸಬೇಕು ಅಂತ 198ನೇ ಕಲಂ ಹೇಳುತ್ತದೆ, ಬಂಡವಾಳ ಸ್ವರೂಪದ ಲಾಭವನ್ನು ಹೊರಗಿಡುತ್ತದೆ. ನಿಮ್ಮದು ಕುಟುಂಬದ ತೋಟ, ಆ ಕಲಂ ನಿಮಗೆ ಅನ್ವಯಿಸುವುದಿಲ್ಲ. ತತ್ವ ಮಾತ್ರ ಹಾಗೇ ತಗೊಳ್ಳಿ.

ಮಾರ್ಚ್ 31ರ ದಾಸ್ತಾನು. ರೋಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ವರ್ಷದ ಲೆಕ್ಕ ಮುಚ್ಚುವ ದಿನ ಅರ್ಧಕ್ಕರ್ಧ ಬೆಳೆ ಗೋಡೌನ್‌ನಲ್ಲೇ ಇರುತ್ತದೆ. ಅದಕ್ಕೆ ಅವತ್ತಿನ ಪೇಟೆ ಬೆಲೆ ಹಾಕಿದರೆ, ಮಾರದೇ ಇರುವ ಕಾಫಿಯ ಮೇಲೂ ಬೋನಸ್ ಕೊಟ್ಟ ಹಾಗಾಗುತ್ತದೆ. ಬೋನಸ್ ಲೆಕ್ಕ ಬೆಳೆ ವರ್ಷದ್ದಾಗಿರಲಿ, ಅಂದರೆ ಅಕ್ಟೋಬರ್‌ನಿಂದ ಸೆಪ್ಟೆಂಬರ್.

ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು: ಮಾಡದ ಖರ್ಚು. ಈ ವರ್ಷ ಸುಣ್ಣ ಹಾಕಿಸಲಿಲ್ಲ, ಒಂದು ಸುತ್ತು ಗೊಬ್ಬರ ಬಿಟ್ಟರು, ಪಂಪ್‌ಸೆಟ್ ರಿಪೇರಿ ಮುಂದಕ್ಕೆ ಹಾಕಿದರು. ಪುಸ್ತಕದಲ್ಲಿ ಲಾಭ ಏರುತ್ತದೆ. ಪೆಟ್ಟು ಗಿಡದ ಮೇಲೆ ಕಾಣುವುದು ಮುಂದಿನ ವರ್ಷ, ಅದರ ಮುಂದಿನ ವರ್ಷ.

ಔಟ್‌ಟರ್ನ್

ಹಾಸನದವರು ಲಾಭದ ಕಥೆ ಹೇಳಿದರು, ಚೀಲದ ಕಥೆ ನಾನು ಹೇಳುತ್ತೇನೆ. ಕ್ಯೂರಿಂಗ್ (ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸ) ಕಡೆಯಿಂದ ನೋಡಿದರೆ ಚೀಲದ ಮೇಲಿನ ಬೋನಸ್ ಯಾವ ತೋಟದಲ್ಲಿದೆ ಅನ್ನುವುದು ಮಾಲು ಬಂದ ಕೂಡಲೇ ಗೊತ್ತಾಗುತ್ತದೆ.

ಮೊದಲು ತೇವ. ರೋಬಸ್ಟಾ ಚೆರ್ರಿ 11 ಶೇಕಡ ತೇವಕ್ಕೆ ಒಣಗಬೇಕು. 12.5ಕ್ಕೇ ಕಣದಿಂದ ಎತ್ತಿದರೆ ತೂಕ ಸುಮಾರು 1.7 ಶೇಕಡ ಹೆಚ್ಚು ಬರುತ್ತದೆ (0.89 ಭಾಗಿಸು 0.875, ನೀವೇ ಮಾಡಿ ನೋಡಿ). 900 ಚೀಲಕ್ಕೆ 15 ಚೀಲ ಬರೀ ನೀರು. ಮೇನೇಜರ್‌ಗೆ 15 ಚೀಲದ ಬೋನಸ್ ಸಿಕ್ಕಿತು, ಕಣದ ಕೆಲಸ ಎರಡು ದಿನ ಉಳಿಯಿತು. ಮಾಲೀಕರಿಗೆ ಖರೀದಿದಾರ ತೂಕದಲ್ಲಿ ಕಡಿತ ಹಾಕುತ್ತಾನೆ, ಗೋಡೌನ್‌ನಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಬೀಜದ ಬಣ್ಣ ಹೋಗುತ್ತದೆ.

ಆಮೇಲೆ ಹಸಿಕಾಯಿ. ಕೊಯ್ಯುವವರಿಗೆ ಕೆ.ಜಿ. ಲೆಕ್ಕದ ಕೂಲಿ, ಮೇನೇಜರ್‌ಗೆ ಚೀಲದ ಲೆಕ್ಕದ ಬೋನಸ್. ಇಬ್ಬರಿಗೂ ಬೇಕಾದದ್ದು ತೂಕವೇ, ತಡೆಯುವವರು ಯಾರೂ ಇಲ್ಲ. ರೆಕ್ಕೆಯನ್ನು, ಅಂದರೆ ಗಿಡದ ಅಡ್ಡ ಕೊಂಬೆಯನ್ನು, ಬುಡದಿಂದ ತುದಿಗೆ ಎಳೆದು ಹಣ್ಣು, ಕಾಯಿ, ಎಲೆ ಎಲ್ಲ ಒಟ್ಟಿಗೆ ಬುಟ್ಟಿಗೆ. ಅರೇಬಿಕಾದಲ್ಲಿ ಹಸಿಕಾಯಿ ಪಲ್ಪರ್‌ನಲ್ಲಿ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಸಿಪ್ಪೆ ಬಿಡುವುದಿಲ್ಲ, ಬೀಜ ಕತ್ತರಿಸಿ ಹೋಗುತ್ತದೆ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ಆಗಬೇಕಾದದ್ದು ಚೆರ್ರಿ ಕಡೆ ಬೀಳುತ್ತದೆ. ಎಳೆದ ರೆಕ್ಕೆಯಲ್ಲಿ ಮುಂದಿನ ವರ್ಷದ ಗೆಣ್ಣುಗಳೂ ಹಾಳಾಗುತ್ತವೆ.

ಅದಕ್ಕೇ ಚೀಲ ಎಣಿಸುವುದಾದರೆ ಔಟ್‌ಟರ್ನ್ ಜೊತೆಗೇ ಎಣಿಸಿ. 50 ಕೆ.ಜಿ. ಚೆರ್ರಿಗೆ ಎಷ್ಟು ಕೆ.ಜಿ. ಬೀಜ ಬಂತು ಅನ್ನುವುದೇ ಅಳತೆ. 26 ಕೆ.ಜಿ. ಬರುವ ಮಾಲಿಗೂ 27 ಬರುವ ಮಾಲಿಗೂ 900 ಚೀಲದ ಮೇಲೆ 900 ಕೆ.ಜಿ. ಬೀಜದ ವ್ಯತ್ಯಾಸ. ಬೋನಸ್ ಬೀಜದ ತೂಕದ ಮೇಲೆ ಇಟ್ಟರೆ ನೀರು ತೂಗಿ ಗೆಲ್ಲುವ ಆಟ ಅಲ್ಲಿಗೇ ನಿಂತಿತು. ಅರೇಬಿಕಾ ಪಾರ್ಚ್‌ಮೆಂಟ್‌ಗಾದರೆ ಬೀಜದ ತೂಕದ ಜೊತೆ ಗ್ರೇಡ್ ಪಟ್ಟಿ ನೋಡಿ: ದಪ್ಪ ಬೀಜದ ಎ, ಒಂಟಿ ಬೀಜದ ಪಿಬಿ ಎಷ್ಟು, ಸಣ್ಣ ಬೀಜದ ಸಿ ಮತ್ತು ಒಡೆದ ಚೂರಿನ ಬಿಟ್ಸ್ ಎಷ್ಟು. ಬಿಟ್ಸ್ ಹೆಚ್ಚಾದರೆ ಒಂದೋ ಪಲ್ಪರ್ ಸೆಟ್ಟಿಂಗ್ ಸರಿಯಿಲ್ಲ, ಇಲ್ಲವೇ ಹಸಿಕಾಯಿ ಸೇರಿದೆ. ಎರಡೂ ಮೇನೇಜರ್ ಸರಿಮಾಡಬಲ್ಲ ವಿಷಯಗಳೇ.

ಸಕಲೇಶಪುರ_ರೈಟರ್

ಮೇನೇಜರ್ ಮತ್ತು ರೈಟರ್‌ಗಳ (ತೋಟದ ಲೆಕ್ಕ ಬರೆಯುವವರು) ಕಡೆಯಿಂದಲೂ ಒಂದು ಮಾತು ಇರಲಿ, ಇಲ್ಲದಿದ್ದರೆ ಇದು ಬರೀ ಕಳ್ಳತನ ಹಿಡಿಯುವ ಚರ್ಚೆ ಆಗಿಬಿಡುತ್ತದೆ.

ಆಲ್ದೂರಿನವರೇ, ಮೊದಲು ಮೂಲ ಸಂಬಳ ಸರಿಯಾಗಿರಲಿ. ಸಂಬಳ ಕಡಿಮೆ ಇಟ್ಟು ಬೋನಸ್ ಆಸೆ ತೋರಿಸುವ ತೋಟಕ್ಕೆ ಬರುವವರು ಎರಡೇ ಥರದವರು: ಬೇರೆ ಕಡೆ ಕೆಲಸ ಸಿಗದವರು, ಇಲ್ಲವೇ ಸಂಬಳದ ಹೊರಗೆ ದಾರಿ ನೋಡಿಕೊಳ್ಳುವವರು. ಹೂ ಮಳೆ (ಮೊಗ್ಗು ಅರಳಿಸುವ ಮಳೆ) ಫೆಬ್ರವರಿ, ಮಾರ್ಚ್‌ನಲ್ಲಿ ಬೀಳಬೇಕು, ಆಮೇಲೆ ಎರಡು ಮೂರು ವಾರಕ್ಕೆ ಕಾಯಿ ಕಟ್ಟಿಸುವ ಬ್ಯಾಕಿಂಗ್ ಮಳೆ ಬೇಕು. ಅದು ತಪ್ಪಿದರೆ ಮೇನೇಜರ್ ಏನು ಮಾಡಿಯಾರು? ಮನೆ ಮಕ್ಕಳಿರುವ ಮನುಷ್ಯ ಮಳೆಯ ಮೇಲೆ ಪಂಥ ಕಟ್ಟಿ ದುಡಿಯುವುದಕ್ಕಾಗುವುದಿಲ್ಲ. ಬೋನಸ್ ಒಟ್ಟು ವರ್ಷಕ್ಕೆ ಎರಡು, ಮೂರು ತಿಂಗಳ ಸಂಬಳದಷ್ಟು ಇರಲಿ, ಅದಕ್ಕಿಂತ ಹೆಚ್ಚು ಬೇಡ.

ಎರಡನೆಯದು, ಅಧಿಕಾರ. ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕುವ ದಿನ ನಿರ್ಧರಿಸುವವರು ಯಾರು? ಡೀಸೆಲ್‌ಗೆ ದುಡ್ಡು ಬೆಂಗಳೂರಿನಿಂದ ಬರುವವರೆಗೆ ಕಾಯಬೇಕೆಂದರೆ ಮೊಗ್ಗು ಕಾಯುವುದಿಲ್ಲ. ಮೂವರು ಮಾಲೀಕರು ಮೂರು ಫೋನ್ ಮಾಡಿ ಮೂರು ಥರ ಹೇಳಿದರೆ ಆ ವರ್ಷದ ಫಲಿತಾಂಶಕ್ಕೆ ಮೇನೇಜರ್‌ನನ್ನು ಹೊಣೆ ಮಾಡುವುದು ನ್ಯಾಯವಲ್ಲ. ಒಬ್ಬರೇ ಮಾತಾಡಲಿ. ತಿಂಗಳಿಗೆ ಇಷ್ಟು ಮೊತ್ತದವರೆಗೆ ಕೇಳದೆ ಖರ್ಚು ಮಾಡಬಹುದು ಅಂತ ಬರೆದುಕೊಡಿ.

ಕೈಯಲ್ಲಿರುವುದು ಯಾವುದು ಅಂತ ಕೇಳಿದರೆ ಹೇಳುತ್ತೇನೆ. ಅರೇಬಿಕಾದಲ್ಲಿ ಬಿಳಿ ಕಾಂಡಕೊರಕದ ಗಿಡ ಹುಡುಕಿ ಕಿತ್ತು ಸುಡುವುದು, ಕೀಟ ಹೊರಬರುವ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ. ತುಕ್ಕು ರೋಗಕ್ಕೆ ಮಳೆಗಾಲದ ಮುಂಚೆ ಒಂದು, ಆಮೇಲೆ ಒಂದು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸ್ಪ್ರೇ, 200 ಲೀಟರ್ ಬ್ಯಾರೆಲ್‌ಗೆ 1 ಕೆ.ಜಿ. ಮೈಲುತುತ್ತ, ಎಲೆಯ ಅಡಿಭಾಗಕ್ಕೆ ತಾಗುವಂತೆ. ಮರಗಸಿ (ನೆರಳು ಮರದ ಕೊಂಬೆ ಕಡಿಸುವುದು), ಚಿಗುರು ತೆಗೆಸುವುದು ಹೊತ್ತಿಗೆ ಸರಿಯಾಗಿ. ಕೊಯ್ಲು ಮುಗಿದ ಮೇಲೆ ಉದುರು (ನೆಲಕ್ಕೆ ಬಿದ್ದ ಹಣ್ಣು) ಹೆಕ್ಕಿಸುವುದು. ಈ ಉದುರಿನ ವಿಷಯ ಬಹಳ ಮುಖ್ಯ. ಹೆಕ್ಕಿಸುವ ಕೂಲಿ ಸಿಗುವ ಕಾಫಿಯ ಬೆಲೆಗಿಂತ ಹೆಚ್ಚು ಅಂತ ಲಾಭ ನೋಡುವವರು ಬಿಟ್ಟುಬಿಡುತ್ತಾರೆ. ನೆಲದ ಮೇಲೆ, ಗಿಡದ ಮೇಲೆ ಉಳಿದ ಹಣ್ಣಿನಲ್ಲೇ ಕಾಯಿಕೊರಕ ಬದುಕಿದ್ದು ಮುಂದಿನ ಬೆಳೆಗೆ ಹೋಗುತ್ತದೆ.

ಬೇಲೂರು_ವಾಣಿಜ್ಯ

ಮೇಲಿನ ಮೂವರೂ ಹೇಳಿದ್ದು ಹಣಕಾಸು ಶಾಸ್ತ್ರದಲ್ಲಿ ಹೆಸರಿರುವ ಪ್ರಶ್ನೆಗಳೇ. ಆಸ್ತಿ ಒಬ್ಬರದು, ನಡೆಸುವವರು ಇನ್ನೊಬ್ಬರು ಆದಾಗ ಇಬ್ಬರ ಹಿತ ಬೇರೆಯಾಗುತ್ತದೆ, ಅದನ್ನು ಕೂಡಿಸುವುದಕ್ಕೂ ಕಾಯುವುದಕ್ಕೂ ಖರ್ಚು ತಗಲುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಜೆನ್ಸನ್ ಮತ್ತು ಮೆಕ್ಲಿಂಗ್ 1976ರಲ್ಲಿ ಕ್ರಮವಾಗಿ ವಿವರಿಸಿದರು. ಹಾಸನದವರು ಹೇಳಿದ ಬೆಲೆಯ ವಿಷಯವನ್ನು ಮೇರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ 2001ರಲ್ಲಿ ಅಮೆರಿಕದ ತೈಲ ಕಂಪನಿಗಳಲ್ಲಿ ನೋಡಿದರು. ಕಚ್ಚಾ ತೈಲದ ಬೆಲೆ ಏರಿದಾಗ ಮುಖ್ಯಸ್ಥರ ಸಂಬಳವೂ ಏರುತ್ತಿತ್ತು, ಆ ಬೆಲೆಯ ಮೇಲೆ ಅವರಿಗೆ ಯಾವ ಹಿಡಿತವೂ ಇರಲಿಲ್ಲ. ಕಣ್ಣಿಟ್ಟು ನೋಡುವ ದೊಡ್ಡ ಷೇರುದಾರರಿದ್ದ ಕಂಪನಿಗಳಲ್ಲಿ ಹೀಗೆ ಅದೃಷ್ಟಕ್ಕೆ ಸಂಬಳ ಕೊಡುವುದು ಕಡಿಮೆ ಇತ್ತು.

ಔಟ್‌ಟರ್ನ್ ಅವರು ಹೇಳಿದ ಹಸಿಕಾಯಿಯ ಸಂಗತಿ ಹೋಮ್‌ಸ್ಟ್ರಾಮ್ ಮತ್ತು ಮಿಲ್‌ಗ್ರಾಮ್ 1991ರಲ್ಲಿ ತೋರಿಸಿದ್ದು. ಒಬ್ಬರ ಕೈಯಲ್ಲಿ ನಾಲ್ಕು ಕೆಲಸ ಇದ್ದು, ಅಳೆಯಲು ಸುಲಭವಾದ ಒಂದಕ್ಕೆ ಮಾತ್ರ ಜೋರು ಬಹುಮಾನ ಇಟ್ಟರೆ ಉಳಿದ ಮೂರು ಸೊರಗುತ್ತವೆ. ಕಾಫಿ ಚೀಲಕ್ಕೆ ಮಾತ್ರ ಬೋನಸ್ ಇಟ್ಟ ತೋಟದಲ್ಲಿ ಮೆಣಸಿನ ಬಳ್ಳಿಗೆ ಮಳೆಗಾಲದ ಮುಂಚಿನ ಬೋರ್ಡೋ ತಪ್ಪಿ ಸೊರಗು ರೋಗ ಬರುವುದು ಇದಕ್ಕೇ. ಹೋಮ್‌ಸ್ಟ್ರಾಮ್ ಅವರಿಗೆ 2016ರಲ್ಲಿ ಆಲಿವರ್ ಹಾರ್ಟ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂದದ್ದೂ ಒಪ್ಪಂದಗಳ ಕುರಿತ ಕೆಲಸಕ್ಕೆ.

ಈಗ ಮಳೆ ಮತ್ತು ಬೆಲೆಯನ್ನು ಹೊರಗಿಡುವ ದಾರಿ. ನಿಮ್ಮ ತೋಟವನ್ನು ನೆರೆಯ ತೋಟಗಳ ಜೊತೆ ಹೋಲಿಸಿ. ನಿಮ್ಮ ಮೂರು ವರ್ಷದ ಸರಾಸರಿ 900 ಚೀಲ ಅಂತಿಟ್ಟುಕೊಳ್ಳಿ. ಈ ವರ್ಷ ಒಳ್ಳೆ ಹೂ ಮಳೆ ಬಂದು ಸುತ್ತಲಿನ ತೋಟಗಳಲ್ಲಿ ಸರಾಸರಿಗಿಂತ 10 ಶೇಕಡ ಹೆಚ್ಚು ಬೆಳೆ. ನಿಮ್ಮಲ್ಲೂ ಅಷ್ಟು ಬರಬೇಕಾದದ್ದೇ, ಅಂದರೆ 990. ಬಂದದ್ದು 1,080. ಮೇನೇಜರ್ ಲೆಕ್ಕಕ್ಕೆ ಹೋಗುವುದು 90 ಚೀಲ. ಚೀಲಕ್ಕೆ 300 ರೂಪಾಯಿಯಂತೆ 27,000. ಇನ್ನೊಂದು ವರ್ಷ ಬರ, ಸುತ್ತಲೂ 30 ಶೇಕಡ ಇಳಿತ. ನಿಮ್ಮಲ್ಲಿ 630 ಬರಬೇಕಿತ್ತು, ಬಂದದ್ದು 720. ಆಗಲೂ 90 ಚೀಲ, 27,000. ಬರದ ವರ್ಷ ಸ್ಪ್ರಿಂಕ್ಲರ್ ಹಿಡಿದು ರಾತ್ರಿ ನಿಂತವರಿಗೂ ಬೋನಸ್ ಸಿಗುತ್ತದೆ. ಲಾಭದ ಲೆಕ್ಕದಲ್ಲಿ ಅವರಿಗೆ ಸೊನ್ನೆಯೂ ಆಗಬಹುದು. ನನಗೆ ಈ ವಿಧಾನದಲ್ಲಿ ಬಹಳ ನಂಬಿಕೆ ಇದೆ, ಯಾಕೆಂದರೆ ಮನುಷ್ಯನ ದುಡಿಮೆಗೆ ಮರ್ಯಾದೆ ಕೊಡುವುದು ಇದೊಂದೇ.

ಮಲ್ಲಂದೂರು_ಅರೇಬಿಕಾ

ಬೇಲೂರಿನ ಮೇಷ್ಟ್ರೇ, ಹೇಳೋಕೆ ಚೆನ್ನಾಗಿದೆ. ನೆರೆ ತೋಟದವರು ತಮ್ಮ ಬೆಳೆ ಎಷ್ಟು ಅಂತ ನಿಜ ಹೇಳುತ್ತಾರೆಯೇ? ಮಳೆಯೂ ಒಂದು ಗುಡ್ಡಕ್ಕೆ ಬಿದ್ದದ್ದು ಪಕ್ಕದ ಗುಡ್ಡಕ್ಕೆ ಬೀಳುವುದಿಲ್ಲ. ಅರೇಬಿಕಾಗೆ ಒಂದು ವರ್ಷ ಹೊರೆ ಬಂದರೆ ಮರುವರ್ಷ ಗಿಡ ಸುಸ್ತು, ಅದನ್ನು ಹೇಗೆ ಹಿಡಿಯುತ್ತೀರಿ?

ಬೇಲೂರು_ವಾಣಿಜ್ಯ

ಮೂರೂ ಸರಿಯಾದ ಆಕ್ಷೇಪಗಳೇ ಮೇಡಂ.

ಒಂದೇ ತೋಟದ ಮಾತು ನಂಬಬೇಡಿ. ಅದೇ ಎತ್ತರ, ಅದೇ ತಳಿ, ನೀರಾವರಿ ಇದ್ದರೆ ನೀರಾವರಿಯವೇ, ಹೀಗೆ ನಾಲ್ಕೈದು ತೋಟ ಸೇರಿ ಪರಸ್ಪರ ಒಪ್ಪಂದ ಮಾಡಿಕೊಳ್ಳಿ. ಚೀಲದ ಸಂಖ್ಯೆ ಹೇಳಬೇಕಿಲ್ಲ, ತಮ್ಮ ಮೂರು ವರ್ಷದ ಸರಾಸರಿಗಿಂತ ಎಷ್ಟು ಶೇಕಡ ಏರಿತು, ಇಳಿಯಿತು ಅಂತ ಮಾತ್ರ ಹೇಳಿದರೆ ಸಾಕು. ಶೇಕಡ ಹೇಳಲು ಜನ ಅಷ್ಟು ಹಿಂಜರಿಯುವುದಿಲ್ಲ. ಅದೂ ಆಗದಿದ್ದರೆ ಕಾಫಿ ಬೋರ್ಡ್ ಹೂ ಆದ ಮೇಲೊಂದು, ಮಳೆಗಾಲ ಮುಗಿದ ಮೇಲೊಂದು ಅಂದಾಜು ಕೊಡುತ್ತದೆ, ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳಿಗೆ ಬೇರೆ ಬೇರೆ, ಅರೇಬಿಕಾ, ರೋಬಸ್ಟಾ ಬೇರೆ ಬೇರೆ. ಒರಟು ಅಳತೆ ಹೌದು, ಆದರೂ ಅದರಲ್ಲಿ ಯಾರೂ ಕೈಯಾಡಿಸುವಂತಿಲ್ಲ. ಮಳೆಗೆ ಪ್ರತಿ ತೋಟದಲ್ಲೂ ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ, ಹೂ ಮಳೆ ನಿಮಗೊಬ್ಬರಿಗೇ ತಪ್ಪಿದ ವರ್ಷ ಅದನ್ನು ಎದುರಿಗಿಟ್ಟುಕೊಂಡು ಕೂತು ಮಾತಾಡಿ.

ಅರೇಬಿಕಾಗೆ ಒಂದೇ ವರ್ಷದ ಲೆಕ್ಕ ಬೇಡವೇ ಬೇಡ. ಎರಡು ವರ್ಷ ಕೂಡಿಸಿ.

ಆಲ್ದೂರು_ತೋಟ

ಹಾಗಾದರೆ ಮೂರನೆಯ ಯೋಚನೆ? ಅಕ್ಟೋಬರ್‌ನಲ್ಲಿ ಮೇನೇಜರ್ ಕೊಟ್ಟ ಅಂದಾಜಿಗಿಂತ ಹೆಚ್ಚು ಬಂದರೆ ಬೋನಸ್ ಅನ್ನುವುದು? ನೆರೆಯವರನ್ನು ಕೇಳುವ ತಾಪತ್ರಯವೇ ಇಲ್ಲವಲ್ಲ.

ಲೆಕ್ಕಪತ್ರ_ಹಾಸನ

ದಯವಿಟ್ಟು ಬೇಡ. 1,000 ಚೀಲ ಕಾಣುತ್ತಿದ್ದರೂ 850 ಅಂತ ಬರೆದುಕೊಡುತ್ತಾರೆ. ಬೋನಸ್ ಹೋಗುವುದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ ಇದೆ. ಆ ಅಂದಾಜಿನ ಮೇಲೇ ನೀವು ಕೊಯ್ಲಿನ ಆಳಿಗೆ ಮುಂಗಡ ಕೊಡುತ್ತೀರಿ, ಬ್ಯಾಂಕಿನಲ್ಲಿ ಸಾಲ ಎತ್ತುತ್ತೀರಿ, ವ್ಯಾಪಾರಿಯ ಜೊತೆ ಮಾತು ಕಟ್ಟುತ್ತೀರಿ. 850ಕ್ಕೆ ಬೇಕಾದಷ್ಟು ಆಳು ಗೊತ್ತುಮಾಡಿ 1,000 ಬಂದರೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ಅಂದಾಜು ನಿಜವಾಗಿರಬೇಕಾದರೆ ಅದಕ್ಕೆ ದುಡ್ಡು ಕಟ್ಟಲೇಬಾರದು.

ಇನ್ನೂ ಒಂದು. ಈ ವರ್ಷ ಗುರಿ ಮೀರಿದರೆ ಮುಂದಿನ ವರ್ಷ ಗುರಿ ಏರಿಸುವುದು ಮಾಲೀಕರ ಅಭ್ಯಾಸ. ಮೇನೇಜರ್ ಒಮ್ಮೆ ಅದನ್ನು ಕಂಡರೆ ಮುಂದೆ ಯಾವತ್ತೂ ಪೂರ್ತಿ ಕೈ ಬಿಚ್ಚಿ ದುಡಿಯುವುದಿಲ್ಲ. ಮೂರು ವರ್ಷದ ಸರಾಸರಿಗೂ ಈ ದೋಷ ಸ್ವಲ್ಪ ಇದೆ, ನಿಧಾನವಾಗಿ ಏರುವುದರಿಂದ ತಡೆದುಕೊಳ್ಳಬಹುದು. ಒಪ್ಪಂದದ ಐದು ವರ್ಷ ಪೂರ್ತಿ ಮೊದಲ ಸರಾಸರಿಯನ್ನೇ ಕದಲಿಸದೆ ಇಟ್ಟರೆ ಇನ್ನೂ ಒಳ್ಳೆಯದು.

ಸಕಲೇಶಪುರ_ರೈಟರ್

ಹಾಸನದವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಅಂದಾಜನ್ನು ಬೇರೆ ಉಪಯೋಗಕ್ಕೆ ಇಟ್ಟುಕೊಳ್ಳಿ. ಹೂ ಕಟ್ಟಿದ ಮೇಲೆ ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು ಅಂದಾಜು ಬರೆಸಿ ಇಡಿ. ಬ್ಲಾಕ್ ವಾರು ಬರೆಸಿ. ಮೂರು ವರ್ಷದ ಅಂದಾಜು ಮತ್ತು ಬಂದ ಬೆಳೆ ಪಕ್ಕಪಕ್ಕ ಇಟ್ಟರೆ ಆ ಮನುಷ್ಯನ ಸ್ವಭಾವ ಅಲ್ಲೇ ಕಾಣುತ್ತದೆ: ಯಾವಾಗಲೂ ಮೇಲಕ್ಕೆ ಹೇಳುವವರೇ, ಯಾವಾಗಲೂ ಕೆಳಕ್ಕೆ ಹೇಳುವವರೇ, ಇಲ್ಲ ಗಿಡ ನೋಡಿ ಹೇಳುವವರೇ.

ಬೇಲೂರು_ವಾಣಿಜ್ಯ

ಸ್ವಭಾವದ ಮಾತು ಬಂದದ್ದು ಒಳ್ಳೆಯದಾಯಿತು, ಆಲ್ದೂರಿನವರ ಎರಡನೆಯ ಪ್ರಶ್ನೆ ಹಾಗೇ ಉಳಿದಿತ್ತು.

ಸಂಸ್ಥೆಯ ಫಲಿತಾಂಶದಲ್ಲಿ ಮುಖ್ಯಸ್ಥರ ವಯಸ್ಸು, ಓದು, ಅನುಭವ, ಬಂದ ಹಿನ್ನೆಲೆ ಎದ್ದು ಕಾಣುತ್ತವೆ ಎಂಬ ವಾದವನ್ನು ಹ್ಯಾಂಬ್ರಿಕ್ ಮತ್ತು ಮೇಸನ್ 1984ರಲ್ಲಿ ಇಟ್ಟರು. ಬರ್ಟ್ರಾಂಡ್ ಮತ್ತು ಷೋರ್ 2003ರಲ್ಲಿ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದ ಮುಖ್ಯಸ್ಥರನ್ನೇ ಹಿಂಬಾಲಿಸಿ ನೋಡಿದರು. ಸಾಲ, ಹೂಡಿಕೆ, ಖರ್ಚು ಇವುಗಳಲ್ಲಿ ಮನುಷ್ಯನ ಛಾಪು ಕಂಪನಿ ಬದಲಾದರೂ ಜೊತೆಗೆ ಹೋಗುತ್ತಿತ್ತು. ಹಳೆಯ ತಲೆಮಾರಿನವರು ಹೆಚ್ಚು ಎಚ್ಚರಿಕೆಯವರು, ಎಂಬಿಎ ಓದಿದವರು ಹೆಚ್ಚು ಮುನ್ನುಗ್ಗುವವರು ಅಂತಲೂ ಕಂಡಿತು. ಅದರಿಂದ ಇಂಥವರನ್ನೇ ತಗೊಳ್ಳಿ ಅಂತ ನಾನು ಹೇಳಲಾರೆ. ಯಾವ ಸ್ವಭಾವಕ್ಕೆ ಎಲ್ಲಿ ಕಾವಲು ಬೇಕು ಅಂತ ಗೊತ್ತಾದರೆ ಸಾಕು.

ಅತಿಯಾದ ಆತ್ಮವಿಶ್ವಾಸ ಕಾಫಿಯಲ್ಲಿ ಎರಡು ಕಡೆ ಹೊಡೆಯುತ್ತದೆ. ಬೆಲೆ ಇನ್ನೂ ಏರುತ್ತದೆ ಅಂತ ಮಾಲು ಹಿಡಿದು ಕೂರುವುದು ಒಂದು. ಕೈಯಲ್ಲಿ ದುಡ್ಡು ಬಂದ ವರ್ಷವೇ ಡ್ರೈಯರ್, ಜೀಪು, ಹೊಸ ಕಣ ಅಂತ ಹೂಡುವುದು ಇನ್ನೊಂದು. ಮಾಲ್ಮೆಂಡಿಯರ್ ಮತ್ತು ಟೇಟ್ 2005ರಲ್ಲಿ ತೋರಿಸಿದ್ದು ಇದನ್ನೇ. ತಮ್ಮ ಮೇಲೆ ಅತಿ ನಂಬಿಕೆ ಇರುವ ಮುಖ್ಯಸ್ಥರ ಹೂಡಿಕೆ ಕೈಯಲ್ಲಿರುವ ನಗದಿನ ಜೊತೆ ಏರಿಳಿಯುತ್ತದೆ, ಅಗತ್ಯದ ಜೊತೆ ಅಲ್ಲ. ಹೀಗಾಗಿ ಮಾರಾಟದ ನಿರ್ಧಾರ ಮೇನೇಜರ್ ಕೈಯಲ್ಲಿ ಪೂರ್ತಿ ಬಿಡಬೇಡಿ. ಬೆಳೆಯನ್ನು ಮೂರು ಪಾಲು ಮಾಡಿ, ಕಣದಿಂದ ಬಂದ ಕೂಡಲೇ ಒಂದು, ಏಪ್ರಿಲ್, ಮೇನಲ್ಲಿ ಒಂದು, ಮಳೆಗಾಲದೊಳಗೆ ಕೊನೆಯದು ಅಂತ ಮೊದಲೇ ಬರೆದಿಡಿ. ಬೆಲೆ ಹೇಗಿದ್ದರೂ ಆ ಕ್ರಮ ತಪ್ಪಬಾರದು.

ನಿವೃತ್ತಿ ಹತ್ತಿರ ಇರುವವರ ವಿಷಯ ಬೇರೆ. ಡೆಖೌ ಮತ್ತು ಸ್ಲೋನ್ 1991ರಲ್ಲಿ ಕಂಡಂತೆ, ಮುಖ್ಯಸ್ಥರು ಕೊನೆಯ ವರ್ಷಗಳಲ್ಲಿ ಸಂಶೋಧನೆಯ ಖರ್ಚು ತಗ್ಗಿಸುತ್ತಾರೆ, ಅದರ ಫಲ ತಮ್ಮ ಕಾಲದಲ್ಲಿ ಬರುವುದಿಲ್ಲವಲ್ಲ. ತೋಟದಲ್ಲಿ ಅದರ ರೂಪ ಮರುನೆಡುವಿಕೆ. ಕೊರಕ ಹಿಡಿದ ಅರೇಬಿಕಾ ಗಿಡ ಕಿತ್ತ ಜಾಗಕ್ಕೆ ಹೊಸ ಗಿಡ ಇಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ. ಎರಡು ವರ್ಷದಲ್ಲಿ ಹೋಗುವವರಿಗೆ ಅದು ಬರೀ ಖರ್ಚು. ವಯಸ್ಸಾದವರನ್ನು ತಗೋಬೇಡಿ ಅಂತ ಇದರ ಅರ್ಥ ಅಲ್ಲ, ಅವರಷ್ಟು ಗಿಡ ಓದಬಲ್ಲವರು ಸಿಗುವುದೇ ಕಷ್ಟ. ಮರುನೆಡುವಿಕೆ, ಸುಣ್ಣ, ಮಣ್ಣು ಪರೀಕ್ಷೆ ಈ ಮೂರರ ಖರ್ಚನ್ನು ಅವರ ಬೋನಸ್ ಲೆಕ್ಕದಿಂದ ಹೊರಗಿಟ್ಟು, ಬೇರೆ ಖಾತೆಯಿಂದ ಮಾಲೀಕರೇ ಭರಿಸಲಿ.

ಬ್ಯಾಂಕ್_ಶಾಖೆ

ಈ ಕೊನೆಯ ಮಾತು ಸಾಲ ಕೊಡುವ ಕಡೆಯೂ ಹಾಗೇ ನಿಜ. ಶಾಖೆಯ ಮೇನೇಜರ್ ಮೂರು ವರ್ಷಕ್ಕೆ ವರ್ಗ ಆಗುತ್ತಾರೆ. ಮಾರ್ಚ್ ಗುರಿಗೆ ಕೊಟ್ಟ ಸಾಲ ಕೆಡುವುದು ಮುಂದಿನವರ ಕಾಲದಲ್ಲಿ. ಇದಕ್ಕೆ ರಿಸರ್ವ್ ಬ್ಯಾಂಕ್ 2019ರ ನವೆಂಬರ್‌ನಲ್ಲಿ ಖಾಸಗಿ ಬ್ಯಾಂಕುಗಳ ಮುಖ್ಯಸ್ಥರಿಗೆ ನಿಯಮ ತಂದಿತು. ಒಟ್ಟು ಸಂಬಳದಲ್ಲಿ ಕನಿಷ್ಠ ಅರ್ಧ ಫಲಿತಾಂಶಕ್ಕೆ ಕಟ್ಟಿದ್ದಾಗಿರಬೇಕು, ಆ ಭಾಗದಲ್ಲಿ ಕನಿಷ್ಠ 60 ಶೇಕಡವನ್ನು ಕನಿಷ್ಠ ಮೂರು ವರ್ಷಗಳ ಮೇಲೆ ಹಂಚಿ ತಡವಾಗಿ ಕೊಡಬೇಕು, ನಡುವೆ ಕೆಟ್ಟದ್ದು ಹೊರಬಿದ್ದರೆ ತಡೆಹಿಡಿಯುವ, ಕೊಟ್ಟದ್ದನ್ನು ವಾಪಸ್ ಪಡೆಯುವ ಷರತ್ತು ಇರಬೇಕು.

ತೋಟದ ಮೇನೇಜರ್‌ಗೆ ಅಷ್ಟು ಬಿಗಿ ಬೇಡ. ಅರ್ಧ ಬೋನಸ್ ಕ್ಯೂರಿಂಗ್ ವರದಿ ಬಂದ ಕೂಡಲೇ ಕೈಗೆ, ಉಳಿದರ್ಧ ಅವರ ಹೆಸರಿನಲ್ಲೇ ಎರಡು ವರ್ಷದ ಠೇವಣಿ. ಬಡ್ಡಿಯೂ ಅವರಿಗೇ. ದುಡ್ಡು ಮಾಲೀಕರ ಖಾತೆಯಲ್ಲಿ ಉಳಿದರೆ ಅದನ್ನು ಯಾರೂ ಬೋನಸ್ ಅಂತ ನಂಬುವುದಿಲ್ಲ. ಹಿಡಿದಿಡುವುದು ಕಾಂಡಕೊರಕದ ಗಿಡಗಳ ಲೆಕ್ಕ, ಔಟ್‌ಟರ್ನ್ ಇಂಥ ಎಣಿಸಬಹುದಾದ ಕಾರಣಕ್ಕೆ ಮಾತ್ರ ಇರಲಿ. ಇನ್ನೊಂದು: ಕಾನೂನಿನ ಪ್ರಕಾರ ಕೊಡಬೇಕಾದ 8.33ರಿಂದ 20 ಶೇಕಡದ ವಾರ್ಷಿಕ ಬೋನಸ್ ಬೇರೆ, ಇದು ಬೇರೆ. ಒಪ್ಪಂದದಲ್ಲಿ ಇದಕ್ಕೆ ಬೇರೆ ಹೆಸರು ಕೊಡಿ, ಇಲ್ಲದಿದ್ದರೆ ಮುಂದೆ ತಕರಾರು.

ಮಲ್ಲಂದೂರು_ಅರೇಬಿಕಾ

ಇಷ್ಟೆಲ್ಲ ಬರೆದುಕೊಂಡರೂ ನೋಡುವ ಕಣ್ಣು ಇಲ್ಲದಿದ್ದರೆ ಪ್ರಯೋಜನ ಇಲ್ಲ. ಇಬ್ಬರು ಮಾಲೀಕರು ಬೆಂಗಳೂರಿನಲ್ಲಿ ಅಂದರೆ ಪುಸ್ತಕಗಳೇ ಕಣ್ಣು. ನಾಲ್ಕು ಪುಸ್ತಕ ಒಂದಕ್ಕೊಂದು ತಾಳೆ ಆಗಬೇಕು: ಕೊಯ್ಲಿನ ಪುಸ್ತಕ, ಕಣದ ಪುಸ್ತಕ, ಗೋಡೌನ್ ಪುಸ್ತಕ, ಕ್ಯೂರಿಂಗ್ ರಸೀದಿ. 100 ಕೆ.ಜಿ. ರೋಬಸ್ಟಾ ಹಣ್ಣಿಗೆ ಸುಮಾರು 40ರಿಂದ 45 ಕೆ.ಜಿ. ಒಣ ಚೆರ್ರಿ ಬರಬೇಕು. ಕೊಯ್ಲಿನ ಪುಸ್ತಕದಲ್ಲಿ 1,00,000 ಕೆ.ಜಿ. ಹಣ್ಣಿದ್ದರೆ ಗೋಡೌನ್‌ಗೆ 800ರಿಂದ 900 ಚೀಲ ಬಂದಿರಬೇಕು. 740 ಬಂತು ಅಂದರೆ ಎರಡೇ ಕಾರಣ. ಕೂಲಿ ಕೊಡಲು ಹಣ್ಣಿನ ತೂಕ ಹೆಚ್ಚು ಬರೆದಿದ್ದಾರೆ, ಇಲ್ಲವೇ ಕಣದಿಂದ ಮಾಲು ಹೋಗಿದೆ. ಅರೇಬಿಕಾಗೆ 100 ಕೆ.ಜಿ. ಹಣ್ಣಿಗೆ 18ರಿಂದ 20 ಕೆ.ಜಿ. ಪಾರ್ಚ್‌ಮೆಂಟ್. ವಾರಕ್ಕೊಮ್ಮೆ ತಾಳೆ ಹಾಕಿ. ಕೊಯ್ಲು ಮುಗಿದ ಮೇಲೆ ಹಾಕಿದರೆ ಯಾವ ವಾರದ ತಪ್ಪು ಅಂತ ಗೊತ್ತಾಗುವುದಿಲ್ಲ.

ಮತ್ತೆ, ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವವರೂ ಕೂಲಿ ಬಟವಾಡೆ ಮಾಡುವವರೂ ಒಬ್ಬರೇ ಆಗಬಾರದು.

ಬೇಲೂರು_ವಾಣಿಜ್ಯ

ಮೇಡಂ ಹೇಳಿದ್ದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ. ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬಯಿ ಸುತ್ತಲಿನ ಬಟ್ಟೆ ಕಾರ್ಖಾನೆಗಳಲ್ಲಿ ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದರು. ಯಂತ್ರದ ನಿರ್ವಹಣೆ, ದೋಷದ ದಿನಚರಿ, ನೂಲಿನ ದಾಸ್ತಾನಿನ ಲೆಕ್ಕ, ಇಂಥ ಸಾಧಾರಣ ಕ್ರಮಗಳನ್ನು ಕಲಿಸಿದ ಕಾರ್ಖಾನೆಗಳಲ್ಲಿ ಮೊದಲ ವರ್ಷವೇ ಉತ್ಪಾದಕತೆ 17 ಶೇಕಡ ಏರಿತು. ಅಲ್ಲಿ ಕಂಡ ಇನ್ನೊಂದು ಸಂಗತಿ ನಮ್ಮ ತೋಟಗಳಿಗೆ ಇನ್ನೂ ಹತ್ತಿರದ್ದು. ಮಾಲೀಕರು ಮನೆಯವರನ್ನು ಬಿಟ್ಟು ಹೊರಗಿನ ಮೇನೇಜರ್‌ಗೆ ನಿರ್ಧಾರ ಬಿಟ್ಟುಕೊಡುತ್ತಿರಲಿಲ್ಲ, ಕಳವಿನ ಭಯ. ದಿನದ ಲೆಕ್ಕ ಕಣ್ಣಿಗೆ ಕಾಣುವಂತಾದ ಮೇಲೆ ಹೊರಗಿನವರಿಗೆ ಹೆಚ್ಚು ಅಧಿಕಾರ ಕೊಡತೊಡಗಿದರು. ಸಕಲೇಶಪುರದವರು ಕೇಳಿದ ಅಧಿಕಾರಕ್ಕೂ ಮಲ್ಲಂದೂರಿನವರು ಕೇಳಿದ ಪುಸ್ತಕಕ್ಕೂ ಜಗಳ ಇಲ್ಲ, ಒಂದಿದ್ದರೇ ಇನ್ನೊಂದು ಸಾಧ್ಯ.

ಆಲ್ದೂರು_ತೋಟ

ಎಲ್ಲರಿಗೂ ಧನ್ಯವಾದ. ಹೀಗೆ ಕರಡು ಮಾಡಿದ್ದೇನೆ. ಬೋನಸ್ ಗರಿಷ್ಠ ಮೂರು ತಿಂಗಳ ಸಂಬಳ. ಅದರಲ್ಲಿ ಅರ್ಧ ನೆರೆ ತೋಟಗಳಿಗೆ ಹೋಲಿಸಿದ ಬೆಳೆಗೆ, ಬೀಜದ ತೂಕದ ಮೇಲೆ, ಅರೇಬಿಕಾಗೆ ಎರಡು ವರ್ಷ ಕೂಡಿಸಿ. ಕಾಲು ಭಾಗ ಔಟ್‌ಟರ್ನ್ ಮತ್ತು ಗ್ರೇಡ್‌ಗೆ. ಉಳಿದ ಕಾಲು ಗಿಡದ ಆರೋಗ್ಯಕ್ಕೆ: ಕಾಂಡಕೊರಕದ ಗಿಡ, ಖಾಲಿ ಗುಂಡಿ ತುಂಬಿದ್ದು, ಮೆಣಸಿನ ಬಳ್ಳಿ ಉಳಿದದ್ದು. ಅರ್ಧ ಈಗ, ಅರ್ಧ ಎರಡು ವರ್ಷದ ಮೇಲೆ. ಮರದ ದುಡ್ಡು, ಬೆಲೆ ಎರಡೂ ಲೆಕ್ಕಕ್ಕಿಲ್ಲ. ಎರಡು ಅನುಮಾನ ಉಳಿದಿವೆ. ನಡುವೆ ಅವರೇ ಕೆಲಸ ಬಿಟ್ಟರೆ ಠೇವಣಿ ಏನಾಗಬೇಕು? ಗಿಡದ ಆರೋಗ್ಯವನ್ನು ಯಾರು ಅಳೆಯಬೇಕು?

ಬ್ಯಾಂಕ್_ಶಾಖೆ

ಕೆಲಸ ಬಿಟ್ಟರೂ ಠೇವಣಿ ಅವರದೇ, ಅವಧಿ ಮುಗಿದ ದಿನ ಸಿಗಬೇಕು. ಬಿಟ್ಟವರಿಗೆ ಇಲ್ಲ ಅಂದರೆ ಅದು ದುಡಿದದ್ದನ್ನು ಕಿತ್ತುಕೊಂಡ ಹಾಗೆ, ಊರಲ್ಲಿ ಒಮ್ಮೆ ಆ ಮಾತು ಹಬ್ಬಿದರೆ ಒಳ್ಳೆಯ ಮೇನೇಜರ್ ಮತ್ತೆ ನಿಮ್ಮ ಗೇಟಿಗೆ ಬರುವುದಿಲ್ಲ. ಹೊಸ ಮೇನೇಜರ್ ಬಂದ ಮೇಲೆ ಕೆಟ್ಟ ಗಿಡಕ್ಕೆ ಹಳಬರ ಠೇವಣಿ ಮುಟ್ಟಬಾರದು, ಬಿಟ್ಟ ದಿನದ ಎಣಿಕೆಯೇ ಕೊನೆ.

ಸಕಲೇಶಪುರ_ರೈಟರ್

ಅಳೆಯುವುದು ಮೇನೇಜರೂ ಬೇಡ, ಮಾಲೀಕರೂ ಬೇಡ. ಬ್ಲಾಕಿಗೆ 100 ಗಿಡದಂತೆ ಸಾಲು ಗುರುತಿಸಿ ಬಣ್ಣ ಹಚ್ಚಿ. ಪ್ರತಿ ವರ್ಷ ಅದೇ ಗಿಡಗಳನ್ನೇ ನೋಡಬೇಡಿ, ಆ 100ಕ್ಕೆ ಮಾತ್ರ ಆರೈಕೆ ಜಾಸ್ತಿಯಾಗುತ್ತದೆ. ಅರ್ಧ ಸಾಲು ಹಳೆಯದು, ಅರ್ಧ ಅವತ್ತು ಚೀಟಿ ಎತ್ತಿ ಆರಿಸಿದ್ದು. ನೆರೆ ತೋಟಗಳ ಗುಂಪು ಆಗುತ್ತದೆ ಅಂದಿರಲ್ಲ, ಅವರ ತೋಟದ ರೈಟರ್ ನಿಮ್ಮಲ್ಲಿ ಎಣಿಸಲಿ, ನಿಮ್ಮವರು ಅಲ್ಲಿ ಎಣಿಸಲಿ. ಮಣ್ಣು ಪರೀಕ್ಷೆಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇದೆ. ಎಣಿಕೆಯನ್ನು ಸೆಪ್ಟೆಂಬರ್ ಟ್ರೇಸಿಂಗ್ (ಕಾಂಡಕೊರಕದ ಗಿಡ ಹುಡುಕುವುದು) ಜೊತೆಗೇ ಮುಗಿಸಿ, ಅದೇ ದಿನ ಇಬ್ಬರ ಸಹಿ ಹಾಕಿಸಿ. ನವೆಂಬರ್ ಬಂದರೆ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ಆಮೇಲೆ ಎಣಿಸೋಕೆ ಆಳು ಸಿಗುವುದಿಲ್ಲ.